ಮುಂದೂಡಿದ ಪಾಠ

ನನ್ನ ಬಾಯಿ ಕೆಟ್ಟದ್ದು. ಇದನ್ನು ನಾನೇ ಮೊದಲು ಹೇಳಿಬಿಟ್ಟರೆ ಬೇರೆಯವರಿಗೆ ಹೇಳುವ ತಾಪತ್ರಯ ಇರುವುದಿಲ್ಲ. ಗದಗಿನ ಒಂದು ಸಣ್ಣ ಖಾಸಗಿ ಆರೋಗ್ಯ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಶನಿವಾರದ ಕ್ಲಾಸೊಂದನ್ನು ಶುರು ಮಾಡಿದೆ. ಸಂಶೋಧನೆಗೆ ಹೊಸದಾಗಿ ಕೈ ಹಾಕಿದವರಿಗೆ ತಮ್ಮ ಕೆಲಸವನ್ನು ಪೇಪರ್ ಮಾಡಿ ಬರೆದು ಜರ್ನಲ್ಲಿಗೆ ಕಳಿಸುವುದನ್ನು ಕಲಿಸುವ ಕ್ಲಾಸು. ಹನ್ನೆರಡು ಶನಿವಾರ, ಹನ್ನೆರಡು ಪಾಠ. ಪ್ರಶ್ನೆ ಹೇಗೆ ಕೇಳಬೇಕು ಎಂಬುದರಿಂದ ಶುರು. ಹನ್ನೊಂದನೆಯ ಪಾಠ, ಪೇಪರಿನ ಮೇಲೆ ಯಾರ ಹೆಸರು ಇರಬೇಕು, ಯಾವ ಕ್ರಮದಲ್ಲಿ ಇರಬೇಕು ಎಂಬುದು. ಹನ್ನೆರಡನೆಯದು, ಪೇಪರನ್ನು ಕಳಿಸುವುದು. ಈ ಪಟ್ಟಿಯನ್ನು ನಾನೇ ಕೈಯಾರೆ ಬರೆದು ಗೋಡೆಗೆ ಅಂಟಿಸಿದ್ದೆ.

ಕಲಿಸುವ ಪದ್ಧತಿಯೂ ನನ್ನದೇ. ಬರೆದದ್ದನ್ನು ಬರೆದವರು ಎದ್ದು ನಿಂತು ಓದಬೇಕು. ಒಂದೇ ಉಸಿರಿನಲ್ಲಿ ವಾಕ್ಯ ಮುಗಿಯದಿದ್ದರೆ ಅದನ್ನು ಅಲ್ಲೇ ಕತ್ತರಿಸಬೇಕು. ಕೆಂಪು ಪೆನ್ನು ನನ್ನ ಕೈಯಲ್ಲಿ. ಲಕ್ಷ್ಮೇಶ್ವರದಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಎಳೆಯ ಡಾಕ್ಟರು ಮೊದಲ ದಿನವೇ ಪೇಪರಿನ ನೆತ್ತಿಯ ಮೇಲೆ ಮನೆದೇವರ ಹೆಸರು ಬರೆದು ಪ್ರಸನ್ನ ಎಂದು ಹಾಕಿಕೊಂಡು ಬಂದಿದ್ದ.

"ಇದೇನ್ರೀ ಡಾಕ್ಟ್ರ, ಪೇಪರ್ ಬರದೀರೋ, ಅಂಗಡಿ ಪೂಜಿ ಮಾಡೀರೋ?"

"ಮೊದಲನೇದು ಐತಿ, ದೇವ್ರ ಹೆಸರು ಮ್ಯಾಲಿರ್ಲಿ ಅಂತ ಅವ್ವ ಅಂದ್ಳ್ರಿ."

"ನಿಮ್ಮ ದೇವ್ರು ನಿಮ್ಮ ಜೋಡಿ ಮನಿಮನಿ ತಿರಗ್ಯಾನೇನು? ಕೆಲಸ ಮಾಡದವರ ಹೆಸರು ಪೇಪರಿನ್ಯಾಗ ಇರಬಾರದು. ತಗೀರಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಶಿರಹಟ್ಟಿಯಿಂದ ಬರುತ್ತಿದ್ದ ಫಿಜಿಯೋಥೆರಪಿ ಹುಡುಗಿ ಮಾತ್ರ ನಗುವ ಪೈಕಿ ಅಲ್ಲ. ಆಕೆ ಬರೆದ ಪುಟವೊಂದನ್ನು ನಾನು ನಾಟಕದವರ ಹಾಗೆ ರಾಗ ಎಳೆದು ಓದಿದೆ. ಮೂರನೆಯ ವಾರದಿಂದ ಆಕೆ ಬರಲಿಲ್ಲ. ನನಗೇನೂ ಬೇಜಾರಾಗಲಿಲ್ಲ. ಅಳುವವರು ಮನೆಯಲ್ಲಿ ಅಳಲಿ ಎಂದೆ, ಕ್ಲಾಸಿನಲ್ಲೇ, ಎಲ್ಲರಿಗೂ ಕೇಳುವಂತೆ.

ಆ ಕ್ಲಾಸಿನಲ್ಲಿ ಒಬ್ಬಳಿದ್ದಳು. ಬೆಟಗೇರಿಯ ನೇಕಾರರ ಓಣಿಯವಳು. ನರ್ಸಿಂಗ್ ಮುಗಿಸಿ, ಸಾರ್ವಜನಿಕ ಆರೋಗ್ಯದಲ್ಲಿ ಇನ್ನೊಂದು ಪದವಿ ಮಾಡಿ, ನಮ್ಮ ಕಾಲೇಜಿನಲ್ಲಿ ಗುತ್ತಿಗೆಯ ಮೇಲೆ ಸಂಶೋಧನಾ ಸಹಾಯಕಿಯಾಗಿದ್ದಳು. ಅವಳ ತಾಯಿ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ನೆಲ ಅಗೆದು ಮಾಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಬೆಳಗಿನಿಂದ ಸಂಜೆತನಕ ಕೂರುವ ಮಗ್ಗ ಅದು. ಹುಡುಗಿ ಎರಡು ವರ್ಷ ಬೆಟಗೇರಿಯ ಮನೆಮನೆ ಸುತ್ತಿ, ಮಗ್ಗದ ಅಂಚಿಗೆ ಕುಂಡೆಯೂರಿ ಕೂತು, ನೇಯುವ ಹೆಂಗಸರ ಮೈನೋವನ್ನು ಬರೆದುಕೊಂಡಿದ್ದಳು.

ಮೊದಲು ಅವಳು ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದ್ದಳಂತೆ, ಎಲ್ಲಿ ನೋಯುತ್ತದೆ ಎಂದು. ಯಾರೂ ಹೌದು ಎನ್ನಲಿಲ್ಲ. ನೋವು ಎಂದರೆ ಕೆಲಸಕ್ಕೆ ಸಲ್ಲದವಳು ಎಂದುಕೊಂಡಾರು ಎಂಬ ಅಂಜಿಕೆ. ಆಮೇಲೆ ಅವಳು ಪ್ರಶ್ನೆಯನ್ನೇ ಬದಲಿಸಿದಳು. "ಮೊದಲು ಮಾಡ್ತಿದ್ರಿ, ಈಗ ಬಿಟ್ಟೀರಿ ಅನ್ನೋ ಕೆಲಸ ಯಾವುದ್ರಿ?" ಎಂದು ಕೇಳತೊಡಗಿದಳು. ಆಗ ಬಾಯಿ ಬಿಟ್ಟರು. ಕೊಡ ಎತ್ತುವುದು ಬಿಟ್ಟೆ ಎಂದಳು ಒಬ್ಬಳು. ಇನ್ನೊಬ್ಬಳು, "ನನ್ನ ತಲಿ ನಾ ಬಾಚ್ಕೊಂಡು ಎಷ್ಟ ವರ್ಷಾತವಾ, ಕೈ ಮ್ಯಾಲ ಏಳಂಗಿಲ್ಲ, ಸೊಸಿ ಬಾಚತಾಳ" ಎಂದಳು.

ಆ ಮಾತನ್ನು ಓದಿದಾಗ ನನಗೆ ಮೈಯೆಲ್ಲ ಉರಿಯಿತು. ಮೆಚ್ಚುಗೆ ಎಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚು ಅದು. ಮೂವತ್ತು ವರ್ಷದಲ್ಲಿ ಅಂಥ ಒಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಅವಳಿಗೆ ಆ ಪೇಪರು ಬೇಕೇಬೇಕಿತ್ತು. ದೊಡ್ಡ ಊರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಲು ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ದಳು. ಅದಕ್ಕೆ ಒಂದು ಷರತ್ತು. ಅಭ್ಯರ್ಥಿಯ ಹೆಸರು ಮೊದಲನೆಯದಾಗಿರುವ ಒಂದು ಪೇಪರಾದರೂ ಪ್ರಕಟವಾಗಿರಬೇಕು. ವಯಸ್ಸಿನ ಮಿತಿಯೂ ಇತ್ತು, ಅವಳಿಗೆ ಅದೇ ಕೊನೆಯ ವರ್ಷ. ಪೇಪರು ಬೇಕು ಎಂದಷ್ಟೇ ಅವಳಿಗೆ ಗೊತ್ತಿತ್ತು. ಷರತ್ತಿನಲ್ಲಿದ್ದ ಇಂಗ್ಲಿಷಿನ ಪೂರ್ತಿ ಅರ್ಥ ಅವಳಿಗೆ ಆಗಿರಲಿಲ್ಲ. ಅರ್ಜಿಯನ್ನು ತಿದ್ದಿಕೊಟ್ಟವಳು ನಾನು. ನನಗೆ ಆಗಿತ್ತು.

ಅವಳು ತಂದ ಮೊದಲ ಕರಡು ಇವತ್ತಿಗೂ ಕಣ್ಣ ಮುಂದಿದೆ. ಹೆಸರಿನ ಪುಟದಲ್ಲಿ ಮೊದಲು ನನ್ನ ಹೆಸರು. ಆಮೇಲೆ ನಮ್ಮ ವಿಭಾಗದ ಮುಖ್ಯಸ್ಥರದು. ಕಡೆಗೆ ಅವಳದು. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಹಾಗೇ ಅಲ್ಲವೇ? ಹಿರಿಯರ ಹೆಸರುಗಳು ಮೇಲೆ, ಮದುಮಗಳ ಹೆಸರು ಅವರೆಲ್ಲರ ಕೆಳಗೆ. ಜರ್ನಲ್ಲುಗಳ ಲೋಕದಲ್ಲಿ ಇದು ಉಲ್ಟಾ. ಬೆವರು ಸುರಿಸಿದವರ ಹೆಸರು ಮೊದಲು. ಮಾರ್ಗದರ್ಶನ ಮಾಡಿದ ಹಿರಿಯರು ಹಿಂದೆ.

ನಾನು ಆ ತಪ್ಪನ್ನು ನೋಡಿದೆ. ನೋಡಲಿಲ್ಲ ಎಂದು ಯಾರ ಮುಂದೆಯೂ ಆಣೆ ಮಾಡಲಾರೆ. ಹನ್ನೊಂದನೆಯ ಪಾಠ ಬರುತ್ತದಲ್ಲ, ಆಗ ಹೇಳಿದರಾಯಿತು ಎಂದುಕೊಂಡು ಪುಟ ತಿರುವಿದೆ.

ಆ ಕರಡನ್ನು ಎಂಟು ಸಲ ಹರಿದೆ. ಖರೇನೇ ಹರಿದೆ, ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದೆ. ಪ್ರತಿಸಲವೂ ಅವಳು ಬೆಟಗೇರಿಯಿಂದ ಶೇರ್ ಆಟೋ ಹಿಡಿದು ಹೊಸ ಪ್ರತಿಯೊಂದಿಗೆ ಬಂದಳು. ಒಮ್ಮೆ ಎಲ್ಲರ ಎದುರು ಹೇಳಿದೆ, "ನಿಮ್ಮವ್ವಗ ಮಗ್ಗದಾಗ ಕುಂತು ಸೊಂಟ ನೋಯ್ತೈತಿ. ನನಗ ನಿನ್ನ ಇಂಗ್ಲಿಷ್ ಓದಿ ನೋಯಾಕತ್ತೈತಿ."

ಕ್ಲಾಸು ನಕ್ಕಿತು. ಅವಳೂ ನಕ್ಕು, "ಹೌದ್ರಿ ಮೇಡಂ, ಮತ್ತ ಬರಕೊಂಡು ಬರ್ತೀನ್ರಿ" ಎಂದಳು. ಆಮೇಲೆ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದಳು. ಮರಳಿ ಬಂದಾಗ ಮುಖ ತೊಳೆದುಕೊಂಡಿದ್ದಳು.

ಪ್ರತಿ ಕರಡಿನಲ್ಲೂ ನನ್ನ ಹೆಸರು ಮೊದಲೇ ಇತ್ತು. ಐದನೆಯ ಕರಡಿನ ಹೊತ್ತಿಗೆ ಅದನ್ನು ನೋಡುವುದು ನನಗೆ ರೂಢಿಯಾಗಿತ್ತು. ಏಳನೆಯದರ ಹೊತ್ತಿಗೆ ಅದು ಅಲ್ಲೇ ಇರಬೇಕಾದದ್ದು ಎನಿಸತೊಡಗಿತು. ಅರ್ಧಕ್ಕರ್ಧ ವಾಕ್ಯ ನಾನೇ ತಿದ್ದಿಲ್ಲವೇ? ನಾನಿಲ್ಲದಿದ್ದರೆ ಈ ಪೇಪರು ಎಲ್ಲಿತ್ತು? ಹೀಗೆ ನನಗೆ ನಾನೇ ವಕೀಲಿಕೆ ಮಾಡಿಕೊಂಡೆ.

ಇಲ್ಲಿ ನನ್ನ ಹಳೆಯ ಗಾಯವೊಂದನ್ನು ಹೇಳಬೇಕು. ಕನಿಕರ ಬೇಡ, ಲೆಕ್ಕಕ್ಕಿರಲಿ ಎಂದು ಹೇಳುತ್ತೇನೆ. ಹರೆಯದಲ್ಲಿ ನಾನು ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಶಾಲೆಯ ಮಕ್ಕಳ ಬಾಯಿ ತೆಗೆಸಿ ಹಲ್ಲು ನೋಡುತ್ತಾ ಒಂದು ಬೇಸಿಗೆ ಪೂರ್ತಿ ತಿರುಗಿದ್ದೆ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲಿನ ಮೇಲೆ ಕಂದು ಪಟ್ಟೆ ಬಿದ್ದ ಮಕ್ಕಳು. ಆ ಪೇಪರು ಅಚ್ಚಾದಾಗ ಮೊದಲ ಹೆಸರು ನನ್ನ ಗುರುಗಳದು, ಎರಡನೆಯದು ಅವರ ಅಳಿಯನದು. ಆ ಅಳಿಯ ಮುಂಡರಗಿಯನ್ನು ನಕಾಶೆಯಲ್ಲಾದರೂ ನೋಡಿದ್ದನೋ ಇಲ್ಲವೋ. ನನಗೆ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ. ಆ ದಿನ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಅಳುತ್ತಾ ಮನೆಗೆ ಬಂದಿದ್ದೆ. ಆಮೇಲೆ ಮದುವೆ, ಮಕ್ಕಳು, ಕಾಲೇಜಿನ ಪರೀಕ್ಷೆ, ಸಭೆ. ನಿವೃತ್ತಿ ಹತ್ತಿರ ಬಂದರೂ ನನ್ನ ಹೆಸರು ಮೊದಲಿರುವ ಒಂದು ಪೇಪರೂ ನನ್ನ ಬಳಿ ಇರಲಿಲ್ಲ. ಬೇರೆಯವರಿಗೆ ಪೇಪರು ಬರೆಯುವುದನ್ನು ಕಲಿಸುವವಳ ಹತ್ತಿರ!

ಹತ್ತು ಪಾಠ ಮುಗಿದವು. ಹನ್ನೊಂದನೆಯ ಶನಿವಾರ ಕ್ಲಾಸಿಗೆ ಬಂದವಳೇ, "ಇವತ್ತು ಪೇಪರ್ ಕಳಿಸೋದು ಹೆಂಗಂತ ನೋಡೋಣು" ಎಂದೆ.

ಲಕ್ಷ್ಮೇಶ್ವರದ ಡಾಕ್ಟರು ಗೋಡೆಯ ಪಟ್ಟಿ ನೋಡಿದ. "ಮೇಡಂ, ಅದು ಹನ್ನೆರಡನೇದಲ್ರಿ? ಹೆಸರಿನ ಪಾಠ ಆಗಿಲ್ಲಲ್ರಿ?"

"ಅದೇನು ಮಹಾ ಪಾಠ? ಆಮ್ಯಾಲ ಮಾಡಿದ್ರಾತು. ಜಲ್ದಿ ಕಂಪ್ಯೂಟರ್ ಚಾಲೂ ಮಾಡ್ರಿ."

ಆ ದಿನ ಕ್ಲಾಸಿನಲ್ಲೇ, ಎಲ್ಲರೂ ಸುತ್ತ ನಿಂತಿರುವಾಗ, ಹುಡುಗಿ ತನ್ನ ಪೇಪರನ್ನು ಜರ್ನಲ್ಲಿನ ಜಾಲತಾಣಕ್ಕೆ ಏರಿಸಿದಳು. ಒಂದೊಂದೇ ಪುಟ ದಾಟುತ್ತಾ ಬಂದು ಒಂದು ಕಡೆ ಕೈ ನಿಲ್ಲಿಸಿದಳು. ಹೆಸರುಗಳ ಕ್ರಮ ಸರಿಯಾಗಿದೆಯೇ, ಎಲ್ಲರ ಒಪ್ಪಿಗೆ ಇದೆಯೇ ಎಂದು ಕೇಳುವ ಚೌಕ ಅದು. ಅದರ ಮೇಲೆ ಒತ್ತಿದರೆ ಮುಂದೆ ಹೋಗುತ್ತದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. "ಮೇಡಂ, ಹೆಸರು ಹಿಂಗಿದ್ರ ಬರೋಬ್ಬರಿ ಐತೇನ್ರಿ? ಕೇಳಾಕತ್ತೈತ್ರಿ ಇದು."

ಇಡೀ ಜನ್ಮದಲ್ಲಿ ನನಗೆ ಸಿಕ್ಕ ಅತಿ ಸುಲಭದ ಪ್ರಶ್ನೆ ಅದು. ಒಂದು ಮಾತಿನ ಕೆಲಸ. ಇಲ್ಲವಾ ತಂಗಿ, ನಿನ್ನ ಹೆಸರು ಮೊದಲು ಹಾಕು ಎಂದಿದ್ದರೆ ಮುಗಿಯುತ್ತಿತ್ತು.

"ಹ್ಞೂಂ, ಒತ್ತು" ಎಂದೆ.

ಕೆಲವು ತಿಂಗಳ ನಂತರ ಪೇಪರು ಪ್ರಕಟವಾಯಿತು. ಹುಡುಗಿ ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಸೀರೆ, ತಾಯಿ ತನ್ನ ಮಗ್ಗದಲ್ಲೇ ನೇಯ್ದದ್ದು. ನೀಲಿ ಮೈ, ಕೆಂಪು ಅಂಚು. ಆ ತಾಯಿ ಕೂರುವಾಗ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯನ್ನು ಮಗಳ ಹೆಗಲ ಮೇಲೆ ಊರಿ ಮೆಲ್ಲಗೆ ಇಳಿದಳು. ತಲೆಯನ್ನು ಯಾರೋ ಬಾಚಿದ್ದು ಗೊತ್ತಾಗುತ್ತಿತ್ತು, ಬೈತಲೆ ಸೊಟ್ಟಗಿತ್ತು.

"ಅಕ್ಕಾರ, ನಮ್ಮ ಹುಡುಗಿನ್ನ ಮನಷ್ಯಾಳ್ನ ಮಾಡಿದ್ರಿ" ಎಂದಳು. ಆಮೇಲೆ ಮಗಳ ಕೈಯಲ್ಲಿದ್ದ ಪೇಪರು ಇಸಿದುಕೊಂಡು, "ನಿನ್ನ ಹೆಸರು ಎಲ್ಲೈತಿ ತೋರ್ಸು" ಎಂದಳು. ಹುಡುಗಿ ಮೂರನೆಯ ಹೆಸರಿನ ಕೆಳಗೆ ಬೆರಳಿಟ್ಟಳು. ತಾಯಿ ಅದನ್ನು ಬೆರಳಿನಿಂದ ಸವರಿದಳು. "ಹಿರೇರು ಮ್ಯಾಲ, ಸಣ್ಣಾಕಿ ಕೆಳಗ. ಚೊಲೋ ಆತು."

ನಾನು ಸೀರೆ ತೆಗೆದುಕೊಂಡೆ. ಚಹಾ ಕೊಟ್ಟೆ. ಸೀರೆಯ ಅಂಚು ಬಹಳ ಚೆನ್ನಾಗಿದೆ ಎಂದೆ.

ಪೇಪರು ಕಳಿಸಿದ ದಿನದಿಂದ ಪರೀಕ್ಷೆಯ ನೆಪ ಹೇಳಿ ನಾನು ಕ್ಲಾಸು ನಿಲ್ಲಿಸಿದ್ದೆ. ಈಗ ಲಕ್ಷ್ಮೇಶ್ವರದ ಡಾಕ್ಟರು ಬಿಡಲಿಲ್ಲ, ಉಳಿದ ಆ ಒಂದು ಪಾಠ ಮುಂದಿನ ಶನಿವಾರ ಆಗಲೇಬೇಕೆಂದ. ಮಾಡಿದೆ. ಹೇಳಬಾರದು, ಆದರೂ ಹೇಳುತ್ತೇನೆ, ಹನ್ನೆರಡು ಪಾಠಗಳಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಕೆಲಸ ಮಾಡಿದವರ ಹೆಸರು ಮೊದಲು, ಹಿರಿಯರೆಂಬ ಕಾರಣಕ್ಕೆ ಯಾರನ್ನೂ ಮುಂದೆ ಹಾಕುವಂತಿಲ್ಲ, ಹಾಗೆ ಹಾಕಿಸಿಕೊಳ್ಳುವುದು ಕಳ್ಳತನ ಎಂದು ಬೋರ್ಡಿನ ಮೇಲೆ ಬರೆದೆ. ಹುಡುಗಿ ಎರಡನೆಯ ಬೆಂಚಿನಲ್ಲಿ ಬರೆದುಕೊಳ್ಳುತ್ತಿದ್ದಳು. ನಡುವೆ ಅವಳ ಪೆನ್ನು ನಿಂತಿತು. ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬರೆಯತೊಡಗಿದಳು.

ಸಂದರ್ಶನಕ್ಕೆ ಹೋಗಿ ಬಂದ ಮರುದಿನ ಮಧ್ಯಾಹ್ನ ಅವಳು ಕಾಲೇಜಿನ ನನ್ನ ಕೋಣೆಗೆ ಬಂದಳು. ಆಯ್ಕೆ ಸಮಿತಿಯವರಿಗೆ ಅವಳ ಕೆಲಸ ಬಹಳ ಹಿಡಿಸಿತ್ತಂತೆ. ಬಿಟ್ಟ ಕೆಲಸ ಯಾವುದು ಎಂಬ ಆ ಪ್ರಶ್ನೆಯನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡರಂತೆ. ಇಷ್ಟೆಲ್ಲ ನೀನೇ ಮಾಡಿದ್ದರೆ ನಿನ್ನ ಹೆಸರು ಮೂರನೆಯದು ಯಾಕೆ ಎಂದರಂತೆ.

"ನೀ ಏನಂದಿ?"

"ಹಿರೇರಿಗೆ ಮರ್ಯಾದಿ ಕೊಡಬೇಕಂತ ಲಗ್ನಪತ್ರಿಕಿ ಬರದಂಗ ಬರದೇನ್ರಿ, ತಪ್ಪು ನಂದ ಅಂತ ಹೇಳಿದ್ನಿರಿ. ಎಲ್ಲಾರೂ ನಕ್ರು." ಅವಳು ಒಂದು ಹಾಳೆ ಮುಂದಿಟ್ಟಳು. "ಆದ್ರ ಸೀಟು ಹಿಡಿದಿಡತೀವಿ ಅಂದಾರ್ರಿ. ಹದಿನೈದು ದಿನದಾಗ ಜರ್ನಲ್ಲಿನವರು ಹೆಸರು ತಿದ್ದಿ ಪತ್ರಾ ಕೊಟ್ರ ಸಾಕಂತ. ಜರ್ನಲ್ಲಿನವರನ್ನೂ ಕೇಳೇನ್ರಿ. ಮೂರೂ ಮಂದಿ ಈ ಫಾರ್ಮಿಗೆ ಸಹಿ ಮಾಡಿದ್ರ ತಿದ್ದತಾರಂತ."

ಮುಖ್ಯಸ್ಥರ ಸಹಿ ಆಗಲೇ ಬಿದ್ದಿತ್ತು. ಆ ಮನುಷ್ಯ ಏನನ್ನೂ ಓದದೆ ಸಹಿ ಹಾಕುವವನೆಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಇದಕ್ಕೂ ಕಾರಿಡಾರಿನಲ್ಲಿ ನಿಂತೇ, "ಎಲ್ಲಿ ಮಾಡ್ಲಿವಾ?" ಎಂದು ಕೇಳಿ ಗೀಚಿಬಿಟ್ಟಿದ್ದನಂತೆ. ನಾನು ಓದುವವಳು. ಫಾರ್ಮನ್ನು ಪೂರ್ತಿ ಓದಿದೆ.

"ನೋಡವಾ, ಪ್ರಕಟ ಆದ ಮ್ಯಾಲ ಹೆಸರು ಹಿಂದ ಮುಂದ ಮಾಡೋದು ಚೊಲೋ ಲಕ್ಷಣ ಅಲ್ಲ. ನೋಡಿದವರು ಏನೋ ಕಿತಾಪತಿ ಆಗೈತಿ ಅಂತಾರ. ನಿನ್ನ ಹೆಸರೂ ಕೆಡತೈತಿ, ಕಾಲೇಜಿಂದೂ ಕೆಡತೈತಿ. ತಪ್ಪು ನಂದ ಅಂತ ನೀನ ಅಂದೀಯಲ್ಲ?"

"ಹೌದ್ರಿ, ನಂದ ತಪ್ಪು."

"ಮತ್ತ?"

ಅವಳು ಫಾರ್ಮನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಕೇಳಿದಳು, ಅದೂ ಮೆಲ್ಲಗೆ, "ಹನ್ನೊಂದನೇ ಪಾಠ ಯಾಕ ಮುಂದ ಹಾಕಿದ್ರಿ ಮೇಡಂ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಕ್ಕಿಬಿದ್ದವರಿಗೆ ಬರುವ ಸಿಟ್ಟು. "ಬಾಯಿ ಮುಚ್ಚು. ನಿನ್ನ ಹರಕ ಮುರಕ ಇಂಗ್ಲಿಷ್ ನಾ ತಿದ್ದಿಲ್ಲಂದ್ರ ಈ ಪೇಪರ್ ಬಾಳಿಹಣ್ಣು ಕಟ್ಟಾಕ ಆಗ್ತಿತ್ತು. ಎಂಟು ಸಲ ತಿದ್ದೇನಿ. ಮಗ್ಗದ ಮುಂದ ಕುಂತು ಬರಕೊಂಡು ಬಂದ್ರ ಸಂಶೋಧನಾ ಆತೇನು?"

ಅವಳು ಅಳಲಿಲ್ಲ. ಫಾರ್ಮನ್ನು ನನ್ನ ಮೇಜಿನ ಮೇಲೆ, ಪೆನ್ನಿನ ಡಬ್ಬಿಯ ಕೆಳಗೆ, ಗಾಳಿಗೆ ಹಾರದ ಹಾಗೆ ಇಟ್ಟಳು. "ಇರ್ಲಿರಿ. ಇನ್ನೂ ಹದಿನಾಲ್ಕು ದಿನ ಐತಿ" ಎಂದು ಹೋದಳು.

ಆ ಹದಿನಾಲ್ಕು ದಿನವೂ ಅವಳು ನನ್ನ ಕೋಣೆಯ ಮುಂದೆ ಹಾದುಹೋದಳು. ನಮಸ್ಕಾರ್ರಿ ಮೇಡಂ ಎನ್ನುತ್ತಿದ್ದಳು. ಒಮ್ಮೆಯೂ ಫಾರ್ಮಿನ ಸುದ್ದಿ ಎತ್ತಲಿಲ್ಲ. ನಾನು ಒಮ್ಮೆ ಪೆನ್ನಿನ ಟೋಪಿ ತೆಗೆದೆ. ಆಗ ಮುಖ್ಯಸ್ಥರು ಬಾಗಿಲಲ್ಲಿ ಇಣುಕಿ, ನಿಮ್ಮ ನಿವೃತ್ತಿ ಸಮಾರಂಭದ ಪರಿಚಯಕ್ಕೆ ಪೇಪರುಗಳ ಪಟ್ಟಿ ಕೊಡಿ ಎಂದರು. ಪೆನ್ನು ಕೈಯಲ್ಲೇ ಇತ್ತು. ಅದರಿಂದಲೇ ಪಟ್ಟಿ ಬರೆದುಕೊಟ್ಟೆ. ಆ ಪೇಪರನ್ನು ಎಲ್ಲಕ್ಕಿಂತ ಮೇಲೆ ಬರೆದೆ. ಹದಿನೈದನೆಯ ದಿನ ಸಂಜೆ ಕಾಲೇಜಿನ ಗಂಟೆ ಹೊಡೆಯಿತು, ಎಲ್ಲರೂ ಮನೆಗೆ ಹೋದರು. ಅವಳ ಸೀಟು ಬೇರೆ ಯಾರಿಗೋ ಹೋಯಿತು.

ನಿವೃತ್ತಿಯ ದಿನ ಆ ನೀಲಿ ಸೀರೆಯನ್ನೇ ಉಟ್ಟೆ. ಮುಖ್ಯಸ್ಥರು ನನ್ನನ್ನು ಬೆಟಗೇರಿಯ ಬಡ ನೇಕಾರ ಹೆಣ್ಣುಮಕ್ಕಳ ನೋವಿಗೆ ದನಿಯಾದವರು ಎಂದು ಹೊಗಳಿದರು. ಅವಳು ಹಿಂದಿನ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಇದಾಗಿ ಒಂದು ವರ್ಷದ ಮೇಲೆ ಕಾಲೇಜಿನಿಂದ ಕರೆ ಬಂತು, ಶನಿವಾರದ ಕ್ಲಾಸಿಗೆ ಒಮ್ಮೆ ಅತಿಥಿಯಾಗಿ ಬನ್ನಿ ಎಂದು. ಹೋದೆ. ಕ್ಲಾಸನ್ನು ಈಗ ಅವಳು ನಡೆಸುತ್ತಿದ್ದಳು, ಅದೇ ಗುತ್ತಿಗೆಯ ಮೇಲೆ. ಗೋಡೆಯ ಮೇಲೆ ಹೊಸ ಪಟ್ಟಿ. ಹನ್ನೆರಡೇ ಪಾಠ, ಆದರೆ ಹೆಸರಿನ ಪಾಠವನ್ನು ಅವಳು ಮೊದಲನೆಯದಾಗಿ ಹಾಕಿದ್ದಳು. ನನ್ನನ್ನು ಕರೆದದ್ದು ಆ ಮೊದಲ ಪಾಠಕ್ಕೆ.

ನನಗೆ ಮುಂದಿನ ಕುರ್ಚಿ ಕೊಟ್ಟು ಅವಳು ಬೋರ್ಡಿನ ಕಡೆ ತಿರುಗಿದಳು. "ಒಂದು ಪೇಪರ್ ಐತಿ ಅಂತ ತಿಳಕೊಳ್ರಿ. ಮೂರು ಮಂದಿ. ಒಬ್ಬಾಕಿ ಎರಡು ವರ್ಷ ಮನಿಮನಿ ತಿರಿಗಿ, ಪ್ರಶ್ನಿ ಹುಡುಕಿ, ಎಲ್ಲಾ ಬರದಾಳ. ಒಬ್ರು ಸಹಿ ಮಾಡ್ಯಾರ. ಒಬ್ರು ಭಾಷಾ ತಿದ್ದಿ ಕೊಟ್ಟಾರ. ಯಾರ ಹೆಸರು ಮೊದಲು?"

ಹೊಸ ಹುಡುಗರು ಒಕ್ಕೊರಲಿನಿಂದ ಹೇಳಿದರು, ತಿರುಗಿದಾಕೆಯದು ಎಂದು. ಇದೂ ಒಂದು ಪ್ರಶ್ನೆಯೇ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಎದ್ದು, "ತಿದ್ದಿದವರ ಹೆಸರು ಯಾಕ ಬೇಕ್ರಿ? ಕಡೀಕ ಒಂದು ಸಾಲು ಕೃತಜ್ಞತಾ ಹೇಳಿದ್ರ ಸಾಕಲ್ರಿ?" ಎಂದಳು.

"ಹಂಗನಬ್ಯಾಡ್ರಿ" ಎಂದಳು ಅವಳು. "ಎಂಟು ಸಲ ತಿದ್ದ್ಯಾರ. ಅದೂ ಸಣ್ಣ ಕೆಲಸ ಅಲ್ಲ. ಎರಡನೇ ಹೆಸರು ಕೊಡೋಣು." ಆಮೇಲೆ ನನ್ನ ಕಡೆ ತಿರುಗಿದಳು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಬಯ್ಯಲು ಬರುತ್ತಿತ್ತು. "ಮೇಡಂ, ನೀವ ಹೇಳ್ರಿ. ಬರೋಬ್ಬರಿ ಐತೇನ್ರಿ?"

ಇಡೀ ಕ್ಲಾಸು ನನ್ನ ಬಾಯಿ ನೋಡುತ್ತಿತ್ತು.

"ಬರೋಬ್ಬರಿ ಐತಿ" ಎಂದೆ.

ಹುಡುಗರು ಅದನ್ನು ಬರೆದುಕೊಂಡರು. ಕ್ಲಾಸು ಮುಗಿದ ಮೇಲೆ ಅವಳೇ ಆಟೋತನಕ ಬಂದಳು, ಹುಷಾರಾಗಿ ಹೋಗ್ರಿ ಎಂದಳು. ತಾಯಿ ಹೇಗಿದ್ದಾಳೆ ಎಂದು ಕೇಳಿದೆ. ಮಗ್ಗ ಬಿಟ್ಟಾಳ್ರಿ, ಕೈ ಏಳಂಗಿಲ್ಲ ಎಂದಳು.

ಆ ಫಾರ್ಮು ಇವತ್ತಿಗೂ ನನ್ನ ಕಪಾಟಿನಲ್ಲಿದೆ, ನೀಲಿ ಸೀರೆಯ ಮಡಿಕೆಯೊಳಗೆ. ಎರಡು ಸಹಿ ಬಿದ್ದಿವೆ, ಮೂರನೆಯ ಜಾಗ ಖಾಲಿ. ಅವಳ ವಯಸ್ಸಿನ ಮಿತಿ ದಾಟಿಹೋಗಿದೆ, ಈಗ ಸಹಿ ಹಾಕಿದರೆ ಅವಳಿಗೆ ಸಿಗುವುದು ತನ್ನ ಹೆಸರಷ್ಟೇ. ನನಗೆ ಇನ್ನು ಸಂಬಳವಿಲ್ಲ, ಬಡ್ತಿಯಿಲ್ಲ, ಆ ಪೇಪರಿನಿಂದ ಆಗಬೇಕಾದದ್ದೇನೂ ಇಲ್ಲ. ಎಲ್ಲ ಗೊತ್ತಿದೆ. ಆದರೂ ನಾನು ಸಹಿ ಹಾಕಿಲ್ಲ. ನನ್ನ ಹೆಸರು ಮೊದಲಿರುವ ಪೇಪರು ಅದೊಂದೇ.